ಹೆಸರಿನ ರಾಶಿಗೆ ಪಾಳಿ ಹಚ್ಚಿದ್ದು

ಲಕ್ಷ್ಮೇಶ್ವರದ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟಿರುವ ರೈತ ಸಂಘದ ಅಧ್ಯಕ್ಷರು ಇದ್ದೊಂದು ಕುರ್ಚಿಯನ್ನು ನನಗೆ ಕೊಟ್ಟು, ತಾವು ಶೇಂಗಾ ಚೀಲದ ಮೇಲೆ ಕುಳಿತು, ಸುತ್ತುಬಳಸದೆ ವಿಷಯಕ್ಕೆ ಬಂದರು.

“ಹೋದ ವರ್ಷ ಹೆಸರಿನ ರಾಶಿ ಹೊತ್ತಿನ್ಯಾಗ ಯಳವತ್ತಿ ಒಳಗ ಎರಡು ಮನಿ ಮಾತು ಬಿಟ್ಟಾವ್ರಿ. ಒಂದೇ ಮಷಿನ್ ಇಬ್ಬರಿಗೂ ಅದೇ ದಿನ ಬರತೈತಿ ಅಂತ ನಮ್ಮವ್ರು ಹೇಳಿಬಿಟ್ಟಿದ್ರು. ತಪ್ಪು ನಮ್ಮದು, ಮುನಿಸು ಅವ್ರದು. ಈ ವರ್ಷ ಪಾಳಿ ಕಂಪ್ಯೂಟರಿನ್ಯಾಗ ಹಚ್ಚಿಕೊಡ್ರಿ.”

ಸಂಘದ ಬಳಿ ಕಾಳು ಬಿಡಿಸುವ ಯಂತ್ರಗಳಿರುವುದು ಮೂರೇ ಮೂರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆಯ ಸದಸ್ಯರ ಹೊಲಗಳಿಗೆ ಅವೇ ಸುತ್ತಬೇಕು. ಹೆಸರುಕಾಳಿನ ಬೆಳೆ ಎಲ್ಲ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತದೆ. ಬಲಿಯುವ ಹೊತ್ತಿಗೆ ಶ್ರಾವಣದ ಮಳೆಯೂ ಬಾಗಿಲಲ್ಲಿ ನಿಂತಿರುತ್ತದೆ. ಒಣಗಿದ ಕಾಯಿ ನೆನೆದರೆ ಕಪ್ಪಾಗುತ್ತದೆ, ಇನ್ನೊಂದು ದಿನ ಬಿಟ್ಟರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಹಾಗಾಗಿ ಯಂತ್ರ ಇಂದು ಯಾರ ಹೊಲದಲ್ಲಿ, ನಾಳೆ ಯಾರ ಹೊಲದಲ್ಲಿ ಎನ್ನುವುದು ಸಣ್ಣ ಮಾತಲ್ಲ. ಇಷ್ಟು ದಿನ ನಾಲ್ಕು ಊರಿನ ಕಚೇರಿಯವರು ಫೋನಿನಲ್ಲೇ ಪಾಳಿ ಗೊತ್ತುಮಾಡುತ್ತಿದ್ದರು. ಒಬ್ಬರು ಕೊಟ್ಟ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ನಾನು ಬೆಟಗೇರಿಯಲ್ಲಿ ಒಂದು ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಕುಳಿತು ವೆಬ್‌ಸೈಟ್ ಮಾಡುವವಳು. ಅಲ್ಲಿಯವರೆಗೆ ಮಾಡಿದ್ದೆಲ್ಲ ಶಾಲೆ, ಕಲ್ಯಾಣಮಂಟಪ, ಸೀರೆ ಅಂಗಡಿಗಳ ಪುಟಗಳು. ಒಮ್ಮೆ ಹಚ್ಚಿಟ್ಟರೆ ಯಾರೂ ಮುಟ್ಟದೆ ವರ್ಷಗಟ್ಟಲೆ ತಣ್ಣಗೆ ನಿಲ್ಲುವಂಥವು. ಇದು ಹಾಗಲ್ಲ. ಇಲ್ಲಿ ನಾಲ್ಕು ಊರಿನಿಂದ ಜನ ಒಟ್ಟಿಗೆ ಬರೆಯುತ್ತಾರೆ, ಯಂತ್ರದ ಚಾಲಕ ಹೊಲದಿಂದಲೇ ಓದುತ್ತಾನೆ, ಸಾಲು ಗಂಟೆಗಂಟೆಗೂ ಜರುಗುತ್ತದೆ. ಒಪ್ಪಿಕೊಂಡು ಬಸ್ಸು ಹತ್ತಿದಾಗ ನನಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಿತ್ತು. ಬಹಳ ದಿನದ ಮೇಲೆ ಕೈಗೆ ಒಂದು ಜೀವಂತ ಕೆಲಸ ಸಿಕ್ಕಿತ್ತು.

ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ನನಗೆ ಕೈ ಕುದುರಿದ್ದು. ಪೈಥಾನ್ ಭಾಷೆಯಲ್ಲಿ ಬರೆದ ಈ ಚೌಕಟ್ಟಿನಲ್ಲಿ ಲಾಗಿನ್, ಫಾರ್ಮು, ಡೇಟಾಬೇಸಿನ ಜೊತೆಗಿನ ಮಾತುಕತೆ ಎಲ್ಲವೂ ಮೊದಲೇ ಸಿದ್ಧವಾಗಿರುತ್ತವೆ. ನಾವು ನಮ್ಮ ಕೆಲಸದ ಲೆಕ್ಕವನ್ನಷ್ಟೇ ತುಂಬಬೇಕು. ಹೆಸರು ಹೂ ಬಿಡುವ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಪಾಳಿ ಓಡತೊಡಗಿತ್ತು. ರೈತ ತನ್ನ ಫೋನ್ ನಂಬರು ಹಾಕುತ್ತಾನೆ, ಒಟಿಪಿ ಬರುತ್ತದೆ, ಒಳಗೆ ಹೋಗಿ ಊರು, ಹೊಲ, ಕಾಯಿ ಬಲಿತ ದಿನ ತುಂಬುತ್ತಾನೆ, ಅವನಿಗೊಂದು ಪಾಳಿ ಸಿಗುತ್ತದೆ. ಎಲ್ಲ ಸರಿಯಿತ್ತು. ಆದರೆ ಲ್ಯಾಪ್‌ಟಾಪಿನಲ್ಲಿ ಓಡುವುದೆಂದರೆ ಮನೆಯ ಅಂಗಳದಲ್ಲಿ ಸೈಕಲ್ ಹೊಡೆದಂತೆ. ಅದು ಎಲ್ಲರಿಗೂ ಸಿಗುವ ಕಡೆ, ಅಂದರೆ ಬಾಡಿಗೆಗೆ ಸಿಗುವ ಕ್ಲೌಡ್ ವೇದಿಕೆಯೊಂದರ ಮೇಲೆ, ಕೂರಬೇಕಿತ್ತು.

ಇದನ್ನು ಅಧ್ಯಕ್ಷರಿಗೆ ಫೋನಿನಲ್ಲಿ ವಿವರಿಸಿದೆ. “ಕ್ಲೌಡ್ ಅಂದ್ರ ಮೋಡ ಅಲ್ಲೇನ್ರಿ?” ಎಂದರು. ಹೌದೆಂದೆ. “ಹೆಸರು ರಾಶಿ ಮಾಡೋರ ಮುಂದ ಮೋಡದ ಸುದ್ದಿ ತೆಗೀಬ್ಯಾಡ್ರಿ. ಬ್ಯಾರೆ ಹೆಸರಿಡ್ರಿ ಅದಕ್ಕ.” ಅಂದಿನಿಂದ ನಮ್ಮ ನಡುವೆ ಅದು ‘ಮ್ಯಾಲಿನ ಮನಿ’ ಆಯಿತು.

ಮೇಲಿನ ಮನೆಗೆ ಸಾಮಾನು ಸಾಗಿಸುವ ಕೆಲಸ ಒಂದು ಸೋಮವಾರ ಬೆಳಿಗ್ಗೆ ಶುರುವಾಯಿತು. ನನ್ನ ಕೋಡನ್ನು ಮೊದಲು ಒಂದು ಭಂಡಾರಕ್ಕೆ ಕಳಿಸಿದರೆ, ವೇದಿಕೆ ಅಲ್ಲಿಂದ ಎತ್ತಿಕೊಂಡು, ಬೇಕಾದ ಪ್ಯಾಕೇಜುಗಳನ್ನೆಲ್ಲ ಜೋಡಿಸಿ, ಹೊಸ ಸರ್ವರೊಂದರಲ್ಲಿ ಓಡಿಸುತ್ತದೆ. ಆ ಜೋಡಣೆಯ ಪ್ರತಿ ಹೆಜ್ಜೆಯೂ ಲಾಗ್ ಎಂಬ ದಾಖಲೆಯಲ್ಲಿ ಸಾಲುಸಾಲಾಗಿ ಇಳಿಯುತ್ತ ಹೋಗುತ್ತದೆ. ಮೊದಲ ಸಲ ಅದು ಅರ್ಧಕ್ಕೇ ನಿಂತಿತು; ಕೋಡನ್ನು ಓಡಿಸುವ ಸರ್ವರ್ ಪ್ಯಾಕೇಜಿನ ಹೆಸರನ್ನೇ ನಾನು ಪಟ್ಟಿಗೆ ಸೇರಿಸಿರಲಿಲ್ಲ. ಸೇರಿಸಿದೆ. ಎರಡನೆಯ ಸಲ ಪೂರ್ತಿ ಓಡಿತು, ಆದರೆ ಪುಟ ತೆರೆದರೆ ‘ಈ ಕೋರಿಕೆ ಸರಿಯಿಲ್ಲ’ ಎಂಬ ಒಂದೇ ಸಾಲು. ಯಾವ ವಿಳಾಸಕ್ಕೆ ಬಂದ ಕರೆಗೆ ಓಗೊಡಬೇಕೆಂದು ಜಾಂಗೋಗೆ ಹೇಳಿಕೊಟ್ಟಿರಬೇಕು. ನಾನು ಹೇಳಿದ್ದು ನನ್ನ ಲ್ಯಾಪ್‌ಟಾಪಿನ ವಿಳಾಸ ಮಾತ್ರ. ಅದನ್ನೂ ತಿದ್ದಿದೆ. ಮೂರನೆಯ ಸಲ ಪುಟ ಬಂತು. ಖುಷಿಯಲ್ಲಿ ಕೊಂಡಿಯನ್ನು ಅಧ್ಯಕ್ಷರಿಗೂ ಕಳಿಸಿಬಿಟ್ಟೆ. ಅವರು ತಕ್ಷಣ ಫೋನ್ ಮಾಡಿದರು.

“ಬಂದೈತಿ ನೋಡ್ರಿ, ಆದ್ರ ಮೈಮ್ಯಾಲೆ ಅಂಗಿನೇ ಇಲ್ಲ ಅದಕ್ಕ.”

ನಿಜ. ಬಣ್ಣವಿಲ್ಲ, ಗೆರೆಯಿಲ್ಲ, ಗುಂಡಿಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಪುಟದ ಅಲಂಕಾರದ ಕಡತಗಳನ್ನು ಒಂದೆಡೆ ಒಟ್ಟುಗೂಡಿಸುವ ಆಜ್ಞೆಯನ್ನು ಜೋಡಣೆಯಲ್ಲಿ ಸೇರಿಸಬೇಕು, ಅವನ್ನು ಹಂಚುವವರನ್ನೂ ನೇಮಿಸಬೇಕು. ಸಂಜೆಯೊಳಗೆ ಅದಕ್ಕೆ ಅಂಗಿ ತೊಡಿಸಿದೆ. ಕೆಳಗೆ ಮುದ್ರಣಾಲಯದ ಯಂತ್ರ ಮದುವೆ ಕಾರ್ಡು ಹೊಡೆಯುತ್ತಿತ್ತು, ಮೇಲೆ ನನ್ನ ಪರದೆಯಲ್ಲಿ ‘ಲೈವ್’ ಎಂಬ ಹಸಿರು ಅಕ್ಷರ. ಆ ದಿನದ ಮಟ್ಟಿಗೆ ನಾನು ಗದಗ ಜಿಲ್ಲೆಯಲ್ಲೇ ಸುಖಿ.

ಮೊದಲ ಪ್ರಯೋಗಕ್ಕೆ ಶಿರಹಟ್ಟಿಯ ಕಚೇರಿಯನ್ನು ಆರಿಸಿದೆವು. ಅಲ್ಲಿ ಪಾಳಿ ಬರೆದುಕೊಳ್ಳುವವಳು ನನ್ನದೇ ವಯಸ್ಸಿನ ಹೆಣ್ಣುಮಗಳು. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಟೈಪು ಮಾಡುತ್ತಿದ್ದಳು. ಅವಳು ಬೆಳಗಿನಿಂದ ಕುಳಿತು ತನ್ನ ಭಾಗದ ಊರುಗಳ ಸದಸ್ಯರನ್ನೆಲ್ಲ ತುಂಬಿದಳು. ಮಧ್ಯಾಹ್ನ ಪುಟದ ಮೇಲೆ ಊರಿನ ಹೆಸರೊಂದರ ಕಾಗುಣಿತ ತಪ್ಪಿದ್ದು ಕಂಡು, ತಿದ್ದಿ, ಹೊಸ ಕೋಡು ಕಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅವಳ ಫೋನ್ ಬಂತು. ದನಿಯಲ್ಲಿ ಗಾಬರಿಗಿಂತ ಕುತೂಹಲವಿತ್ತು.

“ಅಕ್ಕಾರ, ಮಂದಿ ಎಲ್ಲಾ ಎಲ್ಲಿ ಹೋದ್ರು?”

“ಯಾವ ಮಂದಿ?”

“ನಾ ಮುಂಜಾನಿಂದ ಕುಂಡ್ರಿಸಿದ ಮಂದಿ. ಒಬ್ಬರೂ ಇಲ್ಲ. ಬಾಜು ಊರಿಗೇನರ ಹೋದ್ರೇನು ಅಂತ ಅಲ್ಲೂ ನೋಡಿದೆ.”

ತಕ್ಷಣ ಲಾಗ್ ತೆರೆದೆ. ಹುಡುಕಿದಾಗ ಕಾರಣ ಸರಳವಾಗಿತ್ತು. ಲ್ಯಾಪ್‌ಟಾಪಿನಲ್ಲಿದ್ದಂತೆ ಇಲ್ಲಿಯೂ ಡೇಟಾಬೇಸನ್ನು ಕೋಡಿನ ಪಕ್ಕದಲ್ಲೇ ಒಂದು ಕಡತವಾಗಿ ಇಟ್ಟಿದ್ದೆ. ಆದರೆ ಈ ವೇದಿಕೆ ಪ್ರತಿ ಸಲ ಹೊಸ ಕೋಡು ಬಂದಾಗ ಹಳೆಯ ಸರ್ವರನ್ನು ಪೂರ್ತಿ ಕೆಡವಿ ಹೊಸದನ್ನು ಎಬ್ಬಿಸುತ್ತದೆ. ಕೆಡವಿದ ಮನೆಯೊಳಗಿದ್ದ ಕಡತ ಮನೆಯ ಜೊತೆಗೇ ಹೋಯಿತು. ಉಳಿಯಬೇಕಾದ್ದನ್ನು ಬೇರೆ ಕಡೆ, ಅದಕ್ಕೆಂದೇ ಇರುವ ಡೇಟಾಬೇಸ್ ಸರ್ವರಿನಲ್ಲಿ ಇಡಬೇಕು. ಓದಿ ಗೊತ್ತಿದ್ದ ವಿಷಯವೇ. ಆದರೆ ಓದಿದ್ದು ಹೀಗೆ ಒಬ್ಬರ ಬೆಳಗಿನ ದುಡಿಮೆಯಾಗಿ ಎದುರು ನಿಂತಾಗಲೇ ಅದರ ತೂಕ ತಿಳಿಯುವುದು.

ಆ ಎರಡು ದಿನ ಬೇರೇನೂ ಮಾಡಲಿಲ್ಲ. ಪ್ರತ್ಯೇಕ ಡೇಟಾಬೇಸ್ ತೆರೆದು, ಅದರ ವಿಳಾಸವನ್ನೂ ಗುಟ್ಟಿನ ಕೀಲಿಯನ್ನೂ ವೇದಿಕೆಯ ಸೆಟ್ಟಿಂಗಿನಲ್ಲಿ ತುಂಬಿ, ಕೋಷ್ಟಕಗಳನ್ನು ಅಲ್ಲಿ ಹೊಸದಾಗಿ ಕಟ್ಟಿದೆ. ಮೂರನೆಯ ದಿನ ಶಿರಹಟ್ಟಿಗೆ ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಅವಳು ಒಂದಷ್ಟು ಹೆಸರು ತುಂಬಿದಳು. ನಾನು ಬೇಕೆಂದೇ ಹೊಸ ಕೋಡು ಕಳಿಸಿದೆ. ಹೆಸರುಗಳು ಇದ್ದವು. ಇನ್ನೊಮ್ಮೆ ಕಳಿಸಿದೆ. ಇದ್ದವು. ಅವಳು ಕುರ್ಚಿಯಲ್ಲಿ ಹಿಂದಕ್ಕೊರಗಿ, “ಮತ್ತೊಮ್ಮೆ ಕೆಡವ್ರಿ ನೋಡೋಣ” ಎಂದಳು. ಮತ್ತೊಮ್ಮೆ ಕೆಡವಿದೆ. ಎಲ್ಲರೂ ಕುಳಿತಲ್ಲೇ ಕುಳಿತಿದ್ದರು. ಅವಳು ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟಳು. ಆಮೇಲೆ ಕಳೆದುಹೋದ ಸದಸ್ಯರನ್ನೆಲ್ಲ ಇಬ್ಬರೂ ಕೂಡಿ ಮತ್ತೆ ತುಂಬಿದೆವು. ಅವಳು ಓದುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ನಡುನಡುವೆ ಯಾರ ಹೊಲ ಯಾರ ಹೊಲಕ್ಕೆ ಹತ್ತಿದೆ, ಯಾರ ಎತ್ತು ಹಾಯುತ್ತದೆ ಎಂಬ ವಿವರಣೆಯೂ ಇರುತ್ತಿತ್ತು.

ಯಂತ್ರದ ಜೊತೆಗಿನ ಪ್ರಯೋಗ ಹಿರೇಹಂದಿಗೋಳದಲ್ಲಿ ಆಯಿತು. ಮುಂಚೆಯೇ ಬಿತ್ತಿದ್ದ ಒಬ್ಬರ ಹೊಲದಲ್ಲಿ ಕಾಯಿ ಬಲಿತಿತ್ತು. ಬೆಳಗಿನ ಆರಕ್ಕೆ ಯಂತ್ರ ಬರಬೇಕೆಂದು ಪಾಳಿ ಹಾಕಿದೆವು. ಆರಾಯಿತು, ಏಳಾಯಿತು, ಯಂತ್ರದ ಸುಳಿವಿಲ್ಲ. ಹೊಲದವರು ಬಂಡಿಯ ನೆರಳಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಚಾಲಕನಿಗೆ ಫೋನು ಮಾಡಿದೆ. ಅವನು ಕೋಟುಮಚಗಿಯವನು, ಸದಾ ನಗುವ ಮನುಷ್ಯ. ಆಗ ತಾನೇ ಎದ್ದಂತಿತ್ತು.

“ಹನ್ನೊಂದೂವರಿಗೆ ಅಲ್ಲೇನ್ರಿ? ನನ್ನ ಫೋನಿನ್ಯಾಗ ಹಂಗ ಐತಿ. ಅದಕ್ಕ ಎಣ್ಣಿ ಹಚ್ಚಿಕೊಂಡು ಜಳಕ ಮಾಡಾಕ ಕುಂತೀನಿ.”

ಆರಕ್ಕೂ ಹನ್ನೊಂದೂವರೆಗೂ ಇರುವ ಅಂತರ ಕೇಳಿದ ಕೂಡಲೇ ನನಗೆ ಹೊಳೆಯಿತು. ಐದೂವರೆ ತಾಸು ಎಂದರೆ ಸರ್ವರುಗಳು ಪಾಲಿಸುವ ಲಂಡನ್ನಿನ ಗ್ರೀನಿಚ್ ಗಡಿಯಾರಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ. ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಭಾರತದ ಸಮಯ ಎಂದು ಬರೆದಿದ್ದೆ. ಮೇಲಿನ ಮನೆಯ ಸೆಟ್ಟಿಂಗಿನಲ್ಲಿ ಅದೊಂದು ಸಾಲು ತುಂಬಿರಲಿಲ್ಲ. ಹೀಗಾಗಿ ಶಿರಹಟ್ಟಿಯಲ್ಲಿ ಬರೆದ ಆರು ಗಂಟೆಯನ್ನು ಸರ್ವರ್ ಗ್ರೀನಿಚ್ಚಿನ ಆರು ಗಂಟೆ ಎಂದುಕೊಂಡು ಬಚ್ಚಿಟ್ಟಿತ್ತು, ಚಾಲಕನ ಫೋನು ಅದನ್ನು ಪ್ರಾಮಾಣಿಕವಾಗಿ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸಿತ್ತು. ಬದುವಿನ ಮೇಲೆ ಕುಳಿತು, ಫೋನಿನಲ್ಲೇ ಸೆಟ್ಟಿಂಗ್ ತೆರೆದು ಆ ಒಂದು ಸಾಲು ಸೇರಿಸಿದೆ. ಹೊಲದ ಯಜಮಾನರು ಎದ್ದು ಬಂದು ಏನಾಗಿತ್ತೆಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರ ಮಷಿನ್ ಲಂಡನ್ನಿಗೆ ಕರೆಕ್ಟ್ ಟೈಮಿಗೇ ಹೋಗಿತ್ತು ಅನ್ರಿ” ಎಂದರು. ಆ ಹೊಲದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಎಣ್ಣೆ ಹಚ್ಚಿಕೊಂಡಿದ್ದವನು ಜಳಕ ಮುಗಿಸಿಯೇ ಬಂದ.

ಇಷ್ಟಾದ ಮೇಲೆ ಎಲ್ಲ ಗೆದ್ದೆವೆಂದುಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ಪಾಳಿ ತೆರೆದ ದಿನ.

ಆ ವಾರದ ಕೊನೆಗೆ ಮಳೆ ಎಂದು ಹವಾಮಾನದ ಸುದ್ದಿ ಬಂದಿತ್ತು. ಅಧ್ಯಕ್ಷರು ನಾಲ್ಕೂ ಊರಿಗೆ ಖಬರು ಕಳಿಸಿ, ಬೆಳಿಗ್ಗೆಯೇ ಪಾಳಿ ಶುರು ಎಂದು ಸಾರಿದ್ದರು. ಎಲ್ಲರೂ ಒಟ್ಟಿಗೆ ಪುಟ ತೆರೆದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ನಿಂತಿತು. ನಾನು ಲಾಗ್ ತೆರೆದರೆ ‘ಕಾಯುವ ಸಮಯ ಮೀರಿದೆ’ ಎಂಬ ಒಂದೇ ಸಾಲು ಮೇಲಿಂದ ಮೇಲೆ ಬೀಳುತ್ತಿತ್ತು. ನಮ್ಮ ಸರ್ವರಿನಲ್ಲಿ ಬಂದವರನ್ನು ವಿಚಾರಿಸುವ ಕೆಲಸಗಾರ ಪ್ರಕ್ರಿಯೆಗಳು ಎರಡೇ, ಬಸ್ ಸ್ಟ್ಯಾಂಡಿನ ಎರಡು ಕಿಟಕಿ ಇದ್ದ ಹಾಗೆ. ಒಬ್ಬ ರೈತ ಒಟಿಪಿ ಕೇಳಿದರೆ ಆ ಕಿಟಕಿಯವನು ಎದ್ದು ಎಸ್ಸೆಮ್ಮೆಸ್ ಕಳಿಸುವ ಹೊರಗಿನ ಸೇವೆಯ ಬಾಗಿಲಿಗೆ ಹೋಗಿ, ಅಲ್ಲಿಂದ ಉತ್ತರ ಬರುವವರೆಗೆ ನಿಲ್ಲುತ್ತಿದ್ದ. ಉತ್ತರ ಬೇಗ ಬರುತ್ತಿರಲಿಲ್ಲ. ಎರಡೂ ಕಿಟಕಿ ಖಾಲಿ, ಹಿಂದೆ ನಾಲ್ಕು ಊರಿನ ಜನ.

ಕಿಟಕಿಗಳನ್ನು ಹೆಚ್ಚು ಮಾಡಿದೆ. ಸರ್ವರಿನ ಮೆಮೊರಿ ಸಾಲದೆ ಅದು ತಾನೇ ಬಿದ್ದು ಎದ್ದು ಬಿದ್ದಿತು. ಒಟಿಪಿಯ ಕೆಲಸವನ್ನು ಹಿನ್ನೆಲೆಗೆ ಸರಿಸಿ ಬೇರೆ ಪ್ರಕ್ರಿಯೆಗೆ ಕೊಡುವುದು ಸರಿಯಾದ ದಾರಿ. ಆದರೆ ಅದನ್ನು ಬರೆದು, ಪರೀಕ್ಷಿಸಿ, ಮೇಲೇರಿಸುವಷ್ಟರಲ್ಲಿ ಮಳೆ ಬಂದು ಹೋಗಿರುತ್ತಿತ್ತು. ಅಷ್ಟರಲ್ಲಿ ಶಿರಹಟ್ಟಿಯಿಂದ ಫೋನು.

“ಅಕ್ಕಾರ, ನಿಮ್ಮದು ಚಾಲೂ ಆಗೂಮಟ ನಾ ಸುಮ್ನ ಕುಂಡ್ರಲಿಲ್ಲ. ಬಾಗಿಲ ಮುಂದ ಬಂದವ್ರದು, ಫೋನ್ ಮಾಡಿದವ್ರದು ಎಲ್ಲಾ ಬರಕೊಂಡೀನಿ. ಇಲ್ಲಿದು ಅರ್ಧ ಊರ ಮುಗೀತು. ಎಲ್ಲಿ ತುಂಬಲಿ ಹೇಳ್ರಿ.”

ಅವಳ ಮಾತು ಮುಗಿಯುವ ಮೊದಲೇ ನನ್ನ ತಲೆಯಲ್ಲಿ ಏನೋ ಸಡಿಲಾಯಿತು. ರೈತರಿಗೆ ಬೇಕಿದ್ದದ್ದು ಲಾಗಿನ್ ಅಲ್ಲ. ಅವರು ಮೊದಲಿನಿಂದಲೂ ಫೋನಿನಲ್ಲಿ ಕೇಳಿಯೇ ಪಾಳಿ ಹಚ್ಚುತ್ತಿದ್ದವರು, ಅದರಲ್ಲಿ ಅವರಿಗೆ ತೊಂದರೆ ಇರಲಿಲ್ಲ. ತೊಂದರೆಯಿದ್ದದ್ದು ಸಾಲು ಯಾರಿಗೂ ಕಾಣದೆ ಇದ್ದುದರಲ್ಲಿ. ಬರೆಯುವವರು ನಾಲ್ಕು ಕಚೇರಿಯ ನಾಲ್ವರೇ ಸಾಕು. ನೋಡುವವರು ಯಾರು ಬೇಕಾದರೂ ಆಗಲಿ. ಲಾಗಿನ್ ಇಲ್ಲದ, ಒಟಿಪಿ ಇಲ್ಲದ ಒಂದೇ ಒಂದು ತೆರೆದ ಪುಟ: ಯಾವ ಯಂತ್ರ ಈಗ ಎಲ್ಲಿದೆ, ಅದರ ಮುಂದೆ ಯಾರ್‍ಯಾರಿದ್ದಾರೆ. ಅಂಥ ಪುಟವನ್ನು ಸರ್ವರ್ ಒಮ್ಮೆ ಸಿದ್ಧಮಾಡಿ ಇಟ್ಟುಕೊಂಡು ಎಷ್ಟು ಜನರಿಗಾದರೂ ಹಂಚಬಹುದು.

ಆದರೆ ಇದನ್ನು ನಾನೊಬ್ಬಳೇ ತೀರ್ಮಾನಿಸುವಂತಿರಲಿಲ್ಲ. ಲಕ್ಷ್ಮೇಶ್ವರದ ಬಸ್ಸು ಹಿಡಿದೆ. ಅಂಗಡಿಯಲ್ಲಿ ಅಧ್ಯಕ್ಷರು ಎರಡು ಫೋನುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದರು. ನಾನು ಹೇಳಿದ್ದನ್ನು ಕೇಳಿ ಮುಖ ಗಂಭೀರವಾಯಿತು.

“ಎಲ್ಲಾರ ಪಾಳಿ ಎಲ್ಲಾರಿಗೂ ಕಾಣೂದಾ?”

“ಹೌದ್ರಿ. ಹೆಸರು, ಊರು, ಎಷ್ಟನೆಯ ಪಾಳಿ. ಫೋನ್ ನಂಬರು ಕಾಣೂದಿಲ್ಲ.”

“ದೊಡ್ಡ ಹೊಲದವ್ರು ಅದಾರ, ನಮ್ಮ ಬೀಗರು ಅದಾರ. ಅವ್ರಿಗೆ ಇದು ಸೇರೂದಿಲ್ರಿ. ‘ನಮ್ಮದು ಸ್ವಲ್ಪ ಮುಂದ ತೂರಿಸ್ರಿ’ ಅಂತ ಈಗ ಮುಂಜಾನಿಂದ ಎಷ್ಟು ಮಂದಿ ಅಂದ್ರು ಗೊತ್ತೇನ್ರಿ ನಿಮಗ?”

“ನೀವು ಏನಂದ್ರಿ?”

“ಏನನ್ನಲಿ. ನೋಡೋಣ ಅಂದೆ.” ಅವರು ಕೈಯಲ್ಲಿದ್ದ ಫೋನನ್ನು ಚೀಲದ ಮೇಲಿಟ್ಟರು. ಅಷ್ಟರಲ್ಲಿ ಅದು ಮತ್ತೆ ರಿಂಗಾಯಿತು. ಎತ್ತಿದರು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ಆದರೆ ಯಾವ ಮಾತೆಂದು ಊಹಿಸಬಹುದಿತ್ತು. ಅಧ್ಯಕ್ಷರು ಕೇಳಿಸಿಕೊಂಡು, ನಿಧಾನವಾಗಿ ಹೇಳಿದರು: “ಮಾವಾರ, ತೂರಿಸಾಕ ನನ್ನ ಅಭ್ಯಂತರ ಇಲ್ರಿ. ಆದ್ರ ಇನ್ನ ಮ್ಯಾಲೆ ಅದು ಎಲ್ಲಾರಿಗೂ ಫೋನಿನ್ಯಾಗ ಕಾಣತೈತ್ರಿ. ನಿಮ್ಮ ಹೆಸರು ಜಿಗದು ಮುಂದ ಬಂದಿದ್ದು ಇಡೀ ಮುಂಡರಗಿ ನೋಡತೈತಿ. ಹಚ್ಚಲೇನು?” ಆ ಕಡೆಯವರು ಫೋನು ಇಟ್ಟುಬಿಟ್ಟರು.

ಅಧ್ಯಕ್ಷರ ಮುಖದಲ್ಲಿ ನಗು ಅರಳಿದ್ದನ್ನು ನಾನು ಕಂಡದ್ದು ಆಗ. “ಹಚ್ಚಿಬಿಡ್ರಿ ಮೇಡಂ. ಇಷ್ಟು ವರ್ಷದಾಗ ಇಲ್ಲ ಅನ್ನಾಕ ನನಗ ಇಂಥಾ ಚಲೋ ಮಾತು ಸಿಕ್ಕಿದ್ದಿಲ್ಲ.”

ಅವರ ಅಂಗಡಿಯಲ್ಲೇ, ಬೀಜದ ಚೀಲಗಳ ನಡುವೆ ಕುಳಿತು ಕೆಲಸ ಮಾಡಿದೆ. ಆವತ್ತು ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಒಟಿಪಿಯ ಕೋಡು ಹೋಯಿತು, ರೈತರ ಖಾತೆ ಹೋಯಿತು, ಮರೆತ ಪಾಸ್‌ವರ್ಡಿನ ಪುಟ ಹೋಯಿತು. ವಾರಗಟ್ಟಲೆ ಕಟ್ಟಿದ್ದನ್ನು ಕೆಡಹುವಾಗ ಬೇಸರ ಆಗಬೇಕಿತ್ತು, ಆಗಲಿಲ್ಲ. ಪ್ರತಿ ಸಾಲು ಹೋದಾಗಲೂ ಮೈ ಹಗುರಾಗುತ್ತಿತ್ತು. ಹೊತ್ತು ಇಳಿಯುವ ಮುನ್ನ ಹೊಸ ಪುಟ ಮೇಲೇರಿತು. ಶಿರಹಟ್ಟಿಯವಳು ಬರೆದಿಟ್ಟದ್ದನ್ನು ಮೊದಲು ತುಂಬಿದಳು, ಉಳಿದ ಮೂರು ಕಚೇರಿಯವರು ಆಮೇಲೆ. ಜನ ಕೊಂಡಿ ಒತ್ತಿದ ಕೂಡಲೇ ಪುಟ ಎದುರು ಬಂದು ನಿಲ್ಲುತ್ತಿತ್ತು. ಸರ್ವರಿನ ಲಾಗ್‌ನಲ್ಲಿ ಒಂದೂ ಕೆಂಪು ಸಾಲಿಲ್ಲ. ಅಧ್ಯಕ್ಷರು ಅಂಗಡಿಗೆ ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದರು. ಹೆಸರುಬೆಳೆಗೂ ತಮಗೂ ಸಂಬಂಧವಿಲ್ಲದ, ಮೆಣಸಿನ ಬೀಜ ಕೊಳ್ಳಲು ಬಂದವರಿಗೂ.

ಯಂತ್ರಗಳು ಹೊರಟವು. ನಾನು ಕೋಣೆಯಲ್ಲಿ ಕೂರಲಾರದೆ ಹೊಲಗಳ ಕಡೆ ತಿರುಗತೊಡಗಿದೆ. ಹಿರೇಹಂದಿಗೋಳದ ಹತ್ತಿರ ಒಂದು ಯಂತ್ರ ಎರೆ ಮಣ್ಣಿನಲ್ಲಿ ಹೂತು ನಿಂತಿದೆ ಎಂದು ಕೇಳಿ ಅಲ್ಲಿಗೆ ಹೋದಾಗ, ಟ್ರ್ಯಾಕ್ಟರ್ ಕಟ್ಟಿ ಎಳೆಯುತ್ತಿದ್ದರು. ಚಾಲಕ ಪುಟದಲ್ಲಿ ‘ತಡ’ ಎಂಬ ಗುಂಡಿ ಒತ್ತಿದ್ದ. ಮುಂದಿನ ಪಾಳಿಯವರು ಅದನ್ನು ನೋಡಿ, ಕಾಯುತ್ತ ಕೂರದೆ, ತಾವೇ ಹಗ್ಗ ತೆಗೆದುಕೊಂಡು ಎಳೆಯಲು ಬಂದಿದ್ದರು. ಅಲ್ಲಿದ್ದಾಗಲೇ ಶಿರಹಟ್ಟಿಯವಳ ಫೋನು.

“ಅಕ್ಕಾರ, ಯಳವತ್ತಿ ಹೆಣ್ಣುಮಗಳು ಫೋನ್ ಮಾಡ್ಯಾರ. ಗಂಡ ಇಲ್ಲ, ತಾನೇ ಹೊಲ ನೋಡಿಕೊಳ್ಳತಾರ. ‘ನಂದು ಇನ್ನ ಹಸಿ ಐತಿ, ನಾಲ್ಕು ದಿನ ತಡದ್ರೂ ನಡೀತೈತಿ. ನನ್ನ ಬೆನ್ನಹಿಂದಿನ ಪಾಳಿಯವ್ರದು ಒಣಗಿ ಸಿಡ್ಯಾಕತ್ತೈತಿ, ಬದುವಿನ ಮ್ಯಾಲೆ ನಿಂತ್ರ ಕೇಳಸ್ತೈತಿ. ಅವ್ರದು ಮೊದಲ ಆಗಲಿ’ ಅಂತಾರ.”

“ಆತು, ಒಳ್ಳೆಯದಾತಲ್ಲ.”

“ನೀವು ತಿಳಕೊಳ್ಳವಲ್ರಿ. ಬೆನ್ನಹಿಂದಿನ ಪಾಳಿಯವ್ರು ಯಾರಂದ್ರ, ಇವ್ರ ಜೋಡಿ ಹೋದ ವರ್ಷ ಮಾತು ಬಿಟ್ಟಾರಲ್ಲ, ಅವ್ರೇ. ‘ನಾ ಅವ್ರ ಜೋಡಿ ಮಾತಾಡೂದಿಲ್ಲ, ನೀನೇ ಬದಲ ಮಾಡಿಬಿಡು’ ಅಂದ್ರು. ಈಗ ನಾ ಬದಲ ಮಾಡಾಕ ಹೋದ್ರ ಇಬ್ಬರನ್ನೂ ಅಳಿಸಿ ಮತ್ತ ಬರೀಬೇಕು. ಅಳಿಸಿದ್ರ ಸಾಲಿನ ಕಟ್ಟಕಡೀಗೆ ಹೋಗತಾರ. ಏನ್ ಮಾಡ್ಲಿ?”

ಇಬ್ಬರ ಪಾಳಿ ಅದಲುಬದಲು ಮಾಡುವ ಗುಂಡಿಯನ್ನು ನಾನು ಇಟ್ಟೇ ಇರಲಿಲ್ಲ. ಜನ ಮುಂದೆ ಬರಲು ಜಗಳವಾಡುತ್ತಾರೆಂದು ಲೆಕ್ಕ ಹಾಕಿದ್ದೆ, ತಾವಾಗಿ ಹಿಂದೆ ಸರಿದಾರೆಂಬ ಲೆಕ್ಕ ನನ್ನ ಕೋಡಿನಲ್ಲಿ ಎಲ್ಲಿಯೂ ಇರಲಿಲ್ಲ. ಸುಗ್ಗಿ ಮುಗಿಯುವವರೆಗೆ ಸರ್ವರನ್ನು ಮುಟ್ಟುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೂರು ಯಂತ್ರಗಳು ಆ ಪುಟವನ್ನು ನಂಬಿ ಓಡುತ್ತಿದ್ದವು. ಆದರೆ ಈ ಕೋರಿಕೆಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಟ್ರೇಲರಿನ ಮೇಲೆ ಹತ್ತಿ ಕುಳಿತು ಲ್ಯಾಪ್‌ಟಾಪ್ ತೆರೆದೆ. ಮೊದಲು ಡೇಟಾಬೇಸಿನ ಪೂರ್ತಿ ಪ್ರತಿಯೊಂದನ್ನು ಇಳಿಸಿಕೊಂಡೆ. ಬದಲಾವಣೆ ಸಣ್ಣದು: ಇಬ್ಬರ ಕ್ರಮಸಂಖ್ಯೆ ಅದಲುಬದಲಾಗಬೇಕು, ಅದೂ ಒಂದೇ ಏಟಿಗೆ; ಆಗುವುದಾದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಇಳಿಸಿಕೊಂಡ ಪ್ರತಿಯ ಮೇಲೆ ಬೇರೆಬೇರೆ ಥರ ಆಡಿಸಿ ನೋಡಿದೆ. ಚಾಲಕರೆಲ್ಲ ಊಟಕ್ಕೆ ಕೂರುವ ಹೊತ್ತು ನೋಡಿ, ಶಿರಹಟ್ಟಿಯವಳನ್ನು ಫೋನಿನಲ್ಲಿ ಇಟ್ಟುಕೊಂಡೇ ಕೋಡು ಕಳಿಸಿದೆ. ಲಾಗ್ ಇಳಿಯತೊಡಗಿತು. ಪ್ಯಾಕೇಜು ಬಂತು, ಅಲಂಕಾರದ ಕಡತ ಬಂತು, ಡೇಟಾಬೇಸ್ ಸಿಕ್ಕಿತು. ವೇದಿಕೆ ಹೊಸ ಸರ್ವರನ್ನು ಎಬ್ಬಿಸಿ, ಅದು ಮಾತಾಡುತ್ತಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ ಹಳೆಯದನ್ನು ನಿಲ್ಲಿಸಿತು.

“ಏನಾತು?” ಎಂದೆ.

“ತಡೀರಿ, ಕೆಳಗಿನತನಕ ನೋಡ್ತೀನಿ.” ಅವಳು ಹೆಸರುಗಳನ್ನು ಬಾಯೊಳಗೇ ಓದಿಕೊಳ್ಳುವುದು ಕೇಳುತ್ತಿತ್ತು. “ಯಾರೂ ಎಲ್ಲೂ ಹೋಗಿಲ್ರಿ. ಎಲ್ಲಾರೂ ಅದಾರ.” ಸ್ವಲ್ಪ ತಡೆದು, “ಒತ್ತಿದೆ. ಯಳವತ್ತಿಯವ್ರು ಅದಲುಬದಲ ಆದ್ರು ನೋಡ್ರಿ” ಎಂದಳು.

ನನ್ನ ಫೋನಿನಲ್ಲಿ ಪುಟ ಹೊಸದು ಮಾಡಿ ನೋಡಿದೆ. ಎರಡು ಹೆಸರು ಮೇಲೆಕೆಳಗಾಗಿದ್ದವು, ಅಷ್ಟೇ.

ಮರುದಿನ ಯಳವತ್ತಿಗೆ ಹೋದೆ. ಮೋಡ ಕಟ್ಟಿತ್ತು. ಮಾತು ಬಿಟ್ಟ ಆ ಇನ್ನೊಂದು ಮನೆಯವರ ಹೊಲದಲ್ಲಿ ಯಂತ್ರ ಗುಡುಗುತ್ತಿತ್ತು, ಹೊಟ್ಟು ಒಂದು ಕಡೆ ಹಾರಿ ಕಾಳು ಇನ್ನೊಂದು ಕಡೆ ಧಾರೆಯಾಗಿ ಬೀಳುತ್ತಿತ್ತು. ಕೊನೆಯ ಚೀಲ ಕಟ್ಟಿ ಟ್ರ್ಯಾಕ್ಟರಿನಲ್ಲಿ ಮನೆ ಮುಟ್ಟಿಸಿದ ಮೇಲೆ ಮಳೆ ಬಿತ್ತು. ಎರಡು ದಿನ ಹೊಡೆದು ನಿಂತಿತು. ಹಸಿ ಇದ್ದ ಕಾಯಿಗೆ ಆ ಮಳೆಯಿಂದ ಏನೂ ಆಗಲಿಲ್ಲ. ಮುಂದಿನ ವಾರ ಆ ಹೆಣ್ಣುಮಗಳ ಪಾಳಿ ಬಂದಾಗ, ಪಕ್ಕದ ಹೊಲದವರ ಟ್ರ್ಯಾಕ್ಟರ್ ಯಾರೂ ಕರೆಯದೆ ಬಂದು ಅವಳ ಬದುವಿನಲ್ಲಿ ನಿಂತಿತ್ತಂತೆ. ಅದರ ಯಜಮಾನ ಕೆಳಗಿಳಿದು, “ಚೀಲ ಹೇರ್ರಿ” ಎಂದನಂತೆ. ಒಂದು ವರ್ಷದ ಮೇಲೆ ಆ ಎರಡು ಮನೆಗಳ ನಡುವೆ ಆಡಿದ ಮೊದಲ ಮಾತು ಅದು. ಇದನ್ನು ನನಗೆ ಹೇಳುವಾಗ ಶಿರಹಟ್ಟಿಯವಳು ಆ ಎರಡು ಪದಗಳನ್ನು ಅವನ ದಪ್ಪ ದನಿಯಲ್ಲೇ ಆಡಿ ತೋರಿಸಿದಳು.

ಸುಗ್ಗಿಯ ಕೊನೆಯ ಪಾಳಿ ಮುಂಡರಗಿ ಕಡೆಯದು. ಆ ದಿನ ಅಧ್ಯಕ್ಷರು ತಮ್ಮ ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಚಾಲಕ ಕೊನೆಯ ಹೊರೆಯನ್ನು ಯಂತ್ರಕ್ಕೆ ಕೊಟ್ಟು, ಕೈ ಒರೆಸಿಕೊಂಡು, ಫೋನಿನಲ್ಲಿ ‘ಮುಗಿಯಿತು’ ಎಂಬ ಗುಂಡಿ ಒತ್ತಿದ. ಸಾಲು ಖಾಲಿಯಾಯಿತು. ಅಧ್ಯಕ್ಷರು ಒಂದು ಹಿಡಿ ಹೊಸ ಹೆಸರು ತಂದು ನನ್ನ ಸೆರಗಿಗೆ ಸುರಿದರು. ನಾನು ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಡೇಟಾಬೇಸಿನ ಕಡೆಯ ಪ್ರತಿ ಇಳಿಸಿಕೊಂಡು, ಸರ್ವರನ್ನು ಮುಂದಿನ ಮುಂಗಾರಿನವರೆಗೆ ಮಲಗಿಸುವ ತಯಾರಿ ನಡೆಸಿದ್ದೆ.

ಆಗ ಒಬ್ಬ ಮೋಟರ್‌ಸೈಕಲ್ಲಿನ ಮೇಲೆ ಬಂದ. ಹಿಂದೆ ದೊಡ್ಡ ಚಹಾದ ಕ್ಯಾನು, ಹ್ಯಾಂಡಲ್ಲಿಗೆ ಕಪ್ಪುಗಳ ಚೀಲ. ಯಂತ್ರದ ಸುತ್ತ ಇದ್ದವರೆಲ್ಲ ಅವನನ್ನು ಹಳೆಯ ಗೆಳೆಯನಂತೆ ಕರೆದರು. ಇಷ್ಟು ಒಳಗಿನ ಹೊಲಕ್ಕೆ ದಾರಿ ಹೇಗೆ ಗೊತ್ತಾಯಿತೆಂದು ಕೇಳಿದೆ.

“ಪುಟ ನೋಡಿ ಬರ್ತೀನ್ರಿ. ಇವತ್ತ ಮಷಿನ್ ಎಲ್ಲೈತಿ, ನಾಳಿ ಎಲ್ಲೈತಿ, ಎಲ್ಲಾ ಅದರಾಗ ಇರತೈತಲ್ಲ. ಮಷಿನ್ ಇದ್ದಲ್ಲಿ ಮಂದಿ, ಮಂದಿ ಇದ್ದಲ್ಲಿ ಚಹಾ. ಈ ಸಲ ಬಸ್ ಸ್ಟ್ಯಾಂಡಿನ್ಯಾಗ ನಿಂತೇ ಇಲ್ಲ ನಾನು.”

ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ, “ಅದನ್ನ ಮಾಡಿದವ್ರು ಇವ್ರೇ” ಎಂದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೊಗಳುತ್ತಾನೆಂದುಕೊಂಡೆ.

“ಚಲೋ ಸಿಕ್ರಿ. ಹೊಲದಾಗ ಎಷ್ಟು ಮಂದಿ ಇರ್ತಾರ ಅಂತ ಒಂದು ಸಾಲು ಹಾಕ್ರಿ ಅದರಾಗ. ಒಂದೊಂದು ದಿನ ಚಹಾ ಉಳೀತೈತಿ, ಒಂದೊಂದು ದಿನ ಸಾಲೂದಿಲ್ಲ. ಈಗ ಹಾಕಾಕ ಬರೂದಿಲ್ಲೇನ್ರಿ, ಕಂಪ್ಯೂಟರ್ ಇಲ್ಲೇ ಐತಲ್ಲ?”

ನಾನು ನಗುತ್ತ ಲ್ಯಾಪ್‌ಟಾಪ್ ಮುಚ್ಚಿದೆ. ಬಾನೆಟ್ಟಿನ ಮೇಲೆ ಸಮತಟ್ಟಾದ ಜಾಗ ಅದೊಂದೇ ಇತ್ತು. ಅವನು ಮುಚ್ಚಿದ ಲ್ಯಾಪ್‌ಟಾಪಿನ ಮೇಲೆಯೇ ಕಪ್ಪುಗಳನ್ನು ಸಾಲಾಗಿ ಇಟ್ಟು, ಚಹಾ ಸುರಿಯತೊಡಗಿದ.